ಕಾಲುವೆಯ ಲೆಕ್ಕದಲ್ಲಿ ತುಂಬಿದ ತಿಂಗಳು

ಶಹಾಪುರದ ಸಂತೆಯಲ್ಲಿ ನಾನು ಬದನೆಕಾಯಿ ಆರಿಸುತ್ತಿದ್ದರೆ ಪಕ್ಕದ ಹೆಂಗಸು ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ದೂರ ನಿಲ್ಲುತ್ತಿದ್ದ ಕಾಲವಿತ್ತು. "ಇಂವಾ ಅಲ್ಲೇನು, ಮಾಸ ಹೊರಾಂವ?" ಎಂದು ಪಿಸುಗುಟ್ಟುವುದು ನನಗೂ ಕೇಳುತ್ತಿತ್ತು. ಹೆರಿಗೆಯಾದ ಮೇಲೆ ಬೀಳುವ ಮಾಸಿಗೆ ಕೂಸು ಇದ್ದ ನೀರಿನ ಚೀಲ ಅಂಟಿಕೊಂಡಿರುತ್ತದೆ. ಆ ಚೀಲದಿಂದ ಬೆರಳುದ್ದದ ತುಂಡು ಕತ್ತರಿಸಿ, ಕೆಡದ ಹಾಗೆ ಕಾಪಾಡಿ, ದೂರದ ದೊಡ್ಡ ಊರಿನ ಲ್ಯಾಬಿಗೆ ಕಳಿಸುವುದು ನನ್ನ ನೌಕರಿ. ಗಂಡಸಿಗೆ ಇದೆಂಥ ನೌಕರಿ ಎಂದು ಹೆಂಡತಿಯ ತವರಿನವರಿಗೆ ಬಹಳ ದಿನ ಬೇಜಾರಿತ್ತು. ಯಾರಾದರೂ ಕೇಳಿದರೆ ನಮ್ಮ ಮಾವನವರು "ಅಳಿಯಂದಿರು ದವಾಖಾನ್ಯಾಗ ಅದಾರ್ರಿ" ಎಂದಷ್ಟೇ ಹೇಳಿ ಮಳೆ ಬೆಳೆಯ ಮಾತಿಗೆ ಹೊರಳುತ್ತಿದ್ದರು.

ನಿವೃತ್ತನಾದ ಮೇಲೆ ಈಗ ಲ್ಯಾಬ್ ಟೆಕ್ನಿಷಿಯನ್ ಕಲಿತ ಹುಡುಗ ಹುಡುಗಿಯರು ಮನೆಗೆ ಬಂದು, ಇಂಥ ಸಂಶೋಧನೆಯ ಕೆಲಸ ಹೇಗಿರುತ್ತದೆ ಹೇಳಿ ಎನ್ನುತ್ತಾರೆ. ನನಗೆ ಬಡ್ತಿ ಸಿಗಲಿಲ್ಲ, ಹಾಗಾಗಿ ಆ ಅಧ್ಯಾಯ ಬರೆಯುವ ಕಷ್ಟವೂ ಇಲ್ಲ. ಕೆಲಸವೇನು ಎಂಬುದನ್ನು ಮಾತ್ರ ಹೇಳುತ್ತೇನೆ.

ನಮ್ಮ ಮೈಯ ಪ್ರತಿಯೊಂದು ಜೀವಕೋಶದಲ್ಲೂ ಇರುವ ಜೀನ್‌ಗಳು ಅವೇ. ಆದರೆ ಎಲ್ಲವೂ ಎಲ್ಲ ಹೊತ್ತಿನಲ್ಲೂ ಎಚ್ಚರವಾಗಿರುವುದಿಲ್ಲ. ಕೂಸು ಬೆಳೆಯುವ ತನಕ ನೀರಿನ ಚೀಲ ಗಟ್ಟಿಯಾಗಿರಬೇಕು, ಹೆರಿಗೆಯ ಹೊತ್ತಿಗೆ ಮೆತ್ತಗಾಗಿ ಒಡೆಯಬೇಕು. ಅದನ್ನು ಮೆತ್ತಗೆ ಮಾಡುವ ಜೀನ್‌ಗಳು ದಿನ ತುಂಬಿದಾಗ ಏಳುತ್ತವೆ. ಕೆಲವು ತಾಯಂದಿರಲ್ಲಿ ದಿನ ತುಂಬುವ ಮೊದಲೇ ಬೇನೆ ಬಂದುಬಿಡುತ್ತದೆ, ಕೂಸು ಎಳಸಾಗಿ ಹುಟ್ಟುತ್ತದೆ, ಎಷ್ಟೋ ಸಲ ಉಳಿಯುವುದಿಲ್ಲ. ಅಂಥವರ ಚೀಲದಲ್ಲಿ ಯಾವ ಜೀನ್‌ಗಳು ಎಚ್ಚರವಾಗಿದ್ದವು, ದಿನ ತುಂಬಿ ಹೆತ್ತವರ ಚೀಲದಲ್ಲಿ ಯಾವುವು, ಎರಡಕ್ಕೂ ವ್ಯತ್ಯಾಸವೇನು ಎಂಬುದೇ ನಮ್ಮ ಅಧ್ಯಯನ. ಕೇಳಲು ದೊಡ್ಡದು. ನಮ್ಮ ಪಾಲಿಗೆ ಬಂದದ್ದು ಕತ್ತರಿ, ಟ್ಯೂಬು, ಮತ್ತು ಬಾಯಿಮಾತು.

ಬಾಯಿಮಾತೇ ಮುಖ್ಯ. ನಮ್ಮ ಕಡೆ ಮಾಸನ್ನು ಕಸದಂತೆ ಎಸೆಯುವುದಿಲ್ಲ. ಮನೆಯವರು ಒಯ್ದು, ನಾಯಿ ನರಿ ಮುಟ್ಟದ ಹಾಗೆ ಆಳವಾಗಿ ಹೂಳುತ್ತಾರೆ. ಸೇರಿದ ಹೊಸದರಲ್ಲಿ ನಾನು ಕತ್ತರಿ ಹಿಡಿದುಕೊಂಡೇ ಒಬ್ಬ ಅಜ್ಜಿಯ ಮುಂದೆ ಹೋಗಿ ನಿಂತೆ. "ಮಾಸ ತುಂಡ ಮಾಡಿದ್ರ ಕೂಸಿನ ಆಯುಷ್ಯ ತುಂಡ ಆಗ್ಲೇನು? ನಿಮ್ಮ ಮನ್ಯಾಗ ಹಡಿಯಂಗಿಲ್ಲೇನು? ಅಲ್ಲೇ ಕತ್ತರಿಸ್ಕೋ ಹೋಗು" ಎಂದು ಅಜ್ಜಿ ವಾರ್ಡೆಲ್ಲ ಕೇಳುವ ಹಾಗೆ ಹೇಳಿದಳು. ನಾನು ಬೆಕ್ಕಿನ ಹಾಗೆ ಹೊರಗೆ ಬಂದೆ.

ನನ್ನ ಜೊತೆ ಕೆಲಸಕ್ಕಿದ್ದ ಸರೋಜಕ್ಕ ಸುರಪುರದ ಕಡೆಯ ನರ್ಸು, ನಗುವ ಮುಖದ ಗಟ್ಟಿ ಹೆಂಗಸು. ಅವಳು ಒಳಗೆ ಹೋಗಿ ಅಜ್ಜಿಯ ಪಕ್ಕ ಕೂತಳು. "ಮಾಸ ಪೂರಾ ನಿಮ್ಮದ ಐತಿ ಅಜ್ಜಿ, ಅದರ ತಂಟೆಕ್ಕ ನಾವು ಹೋಗಂಗಿಲ್ಲ. ಅದರ ಸುತ್ತಲಿಂದು ನೀರಿನ ಚೀಲ, ಹೆಂಗಾದ್ರೂ ಹರದೈತಿ. ಆ ಹರಕಿನ ಅಂಚಿನಿಂದ ಒಂದ್ ಚೂರು ಕೊಡ್ರಿ. ಮುಂದ ಯಾರದೋ ಸೊಸಿ ಕೂಸು ಉಳದೀತು." ಅಜ್ಜಿ ಬಹಳ ಹೊತ್ತು ಯೋಚಿಸಿ, ಕತ್ತರಿಸುವಾಗ ತಾನು ಎದುರಿಗೇ ಇರಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು. ಅಂದಿನಿಂದ ಮನೆಯವರನ್ನು ಎದುರಿಗೆ ನಿಲ್ಲಿಸಿಕೊಳ್ಳದೆ ನಾನು ಕತ್ತರಿ ಆಡಿಸಲಿಲ್ಲ. ಇದು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ.

ಇನ್ನು ತುಂಡನ್ನು ಕಾಪಾಡುವ ಕತೆ. ಎಚ್ಚರವಾದ ಜೀನ್ ಆರ್‌ಎನ್‌ಎ ಎಂಬ ಸಂದೇಶ ಹೊರಡಿಸುತ್ತದೆ. ಲ್ಯಾಬಿನವರು ಓದುವುದು ಅದನ್ನೇ. ಅದು ಬಲು ಬೇಗ ಕೆಡುವ ವಸ್ತು, ಕೂಡಲೇ ಹೆಪ್ಪುಗಟ್ಟಿಸಬೇಕು. ಆಸ್ಪತ್ರೆಯ ಆಯಾ ಒಬ್ಬಳು ನನ್ನ ಮೇಲಿನ ಕರುಣೆಯಿಂದ, ರಕ್ತ ಮೆತ್ತಿದ ಚೀಲವನ್ನು ಬಿಸಿನೀರಿನಲ್ಲಿ ಚೊಕ್ಕಟ ತೊಳೆದು ಇಡುತ್ತಿದ್ದಳು. "ಅಣ್ಣಾರಿಗೆ ಹೇಸಿಗಿ ಆಗಬಾರದಂತ" ಎಂದಳು. ಬಿಸಿನೀರಿಗೆ ಸಂದೇಶವೆಲ್ಲ ಕೆಟ್ಟು, ಅಷ್ಟು ದಿನದ ತುಂಡುಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಅವಳ ಪ್ರೀತಿಗೆ ಬೈಯುವ ಬಾಯಿ ನನಗೆ ಬರಲಿಲ್ಲ.

ಹೆಪ್ಪುಗಟ್ಟಿಸಲು ದ್ರವ ಸಾರಜನಕ ಬೇಕು. ಅದು ನಮ್ಮ ಸುತ್ತಿನಲ್ಲಿ ಇದ್ದದ್ದು ದನದ ದವಾಖಾನೆಯಲ್ಲಿ ಮಾತ್ರ, ಹೋರಿಯ ವೀರ್ಯ ಕಾಪಾಡಲಿಕ್ಕೆ. ಅಲ್ಲಿಂದ ಹೊಗೆಯಾಡುವ ಕ್ಯಾನು ಹೊತ್ತು ನಾನು ಹುಣಸಗಿಯ ಬಸ್ಸು ಹತ್ತಿದರೆ ಕಂಡಕ್ಟರ್ ಕೂಗುತ್ತಿದ್ದ, "ಸರೀರ್ರಿ, ಹೋರಿ ಬಂತು!" ಹಿಂದಿನ ಸೀಟಿನ ಮುದುಕರೊಬ್ಬರು ತಮ್ಮ ಎಮ್ಮೆ ಗಬ್ಬ ನಿಲ್ಲುತ್ತಿಲ್ಲವೆಂದು ಊರು ಬರುವ ತನಕ ನನ್ನ ಸಲಹೆ ಕೇಳಿದರು. ನಾನೂ ಒಂದಿಷ್ಟು ಹೇಳಿದೆ, ಬಿಡಿ. ಆಮೇಲೆ ತುಂಡನ್ನು ಮುಳುಗಿಸಿಟ್ಟರೆ ಸಾಕು ಎನ್ನುವಂಥ ಔಷಧಿನೀರು ಬಂತು, ಕ್ಯಾನಿನ ಕಾಲ ಮುಗಿಯಿತು. ಈಗಿನವರು ಪುಣ್ಯವಂತರು.

ಆದರೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ತುಂಡಲ್ಲ, ತಿಂಗಳು. ಹೆರಿಗೆ ಅಕಾಲದ್ದೋ ದಿನ ತುಂಬಿದ್ದೋ ಎಂದು ಹೇಳಬೇಕಾದರೆ ತಾಯಿ ಕಡೆಯ ಸಲ ಮುಟ್ಟಾಗಿ ಹೊರಗಾದದ್ದು ಯಾವಾಗ ಎಂಬುದು ಗೊತ್ತಾಗಬೇಕು. ಮೊದಲ ತಿಂಗಳುಗಳಲ್ಲೇ ಸ್ಕ್ಯಾನಿಂಗ್ ಮಾಡಿಸಿದರೆ ತಿಳಿಯುತ್ತದೆ, ಆದರೆ ಆಗ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಅದು ಸಿಗುತ್ತಿರಲಿಲ್ಲ. ತಾರೀಖು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಮಣ್ಣೆತ್ತಿನ ಅಮಾಸಿ ಆದ ಮ್ಯಾಲ, ಪಂಚಮಿ ಮುಂದ, ಕಾಲುವಿಗೆ ನೀರು ಬಂದ ವಾರ, ಹೀಗೆ ಹೇಳುತ್ತಿದ್ದರು. ಅದಕ್ಕೆಂದೇ ಮೇಲಿನ ಕಚೇರಿಯವರು ಒಂದು ದೊಡ್ಡ ಹಾಳೆ ಅಚ್ಚು ಹಾಕಿಸಿ ಕಳಿಸಿದ್ದರು. ಹಬ್ಬ, ಹುಣ್ಣಿಮೆ, ಕಾಲುವೆಗೆ ನೀರು ಬಿಟ್ಟದ್ದು, ಎಲ್ಲಕ್ಕೂ ಎದುರಿಗೆ ತಾರೀಖು. ಅದನ್ನು ಹೆರಿಗೆ ಕೋಣೆಯ ಗೋಡೆಗೆ ಅಂಟಿಸಿದ್ದೆವು. ತಾಯಿ ಹೇಳಿದ್ದಕ್ಕೆ ಹಾಳೆಯ ತಾರೀಖು ಹೊಂದಿಸಿ ಸರೋಜಕ್ಕ ಬರೆಯುತ್ತಿದ್ದಳು. ಮನೆಗೆ ಕೊಡುವ ಚೀಟಿಯಲ್ಲೂ ಅದೇ ಬರುತ್ತಿತ್ತು. ಬಹಳ ಚಂದದ ಪದ್ಧತಿ ಎಂದು ನಾವೆಲ್ಲ ಹೊಗಳಿದೆವು.

ಒಂದು ದಿನ ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ವಸುಧಾ ಮೇಡಂ ಹೇಳದೆ ಕೇಳದೆ ಬಂದಿಳಿದರು. ದಕ್ಷಿಣದ ಕಡೆಯವರು, ಮಾತು ಮೆತ್ತಗೆ, ಆದರೆ ಮೆತ್ತಗೆ ಮಾತಾಡಿದಷ್ಟೂ ನಮಗೆ ಹೆದರಿಕೆ. "ಶರಣಪ್ಪನವರೇ, ನೀವು ಕಳಿಸಿದ ದಿನ ತುಂಬಿದವರ ತುಂಡುಗಳಲ್ಲಿ ಕೆಲವು ಆ ಗುಂಪಿಗೆ ಸೇರ್ತಾನೇ ಇಲ್ಲ. ಅವುಗಳ ಜೀನ್‌ಗಳ ನಡವಳಿಕೆ ಅಕಾಲದ ಹೆರಿಗೆಯವರ ಥರಾನೇ ಇದೆ. ಟ್ಯೂಬ್ ಅದಲುಬದಲು ಆಗಿದ್ರೆ ಹೇಳಿಬಿಡಿ" ಎಂದರು.

ನನಗೆ ಸಿಟ್ಟು ಬಂತು. "ಮೇಡಂ, ಟ್ಯೂಬಿಗೆ ಹೆಸ್ರ ಹಚ್ಚದ ನಾ ಕತ್ತರಿ ಮುಟ್ಟಂಗಿಲ್ರಿ. ಮನಿಯವ್ರು ಎದುರಿಗೆ ನಿಂತಿರ್ತಾರ. ಬೇಕಾದ್ರ ಅವ್ರನ್ನ ಕೇಳ್ರಿ" ಎಂದೆ. ಅವರು ನಿಜವಾಗಿಯೂ ಕೇಳಲು ಹೊರಟರು. ಹೊಂದದ ತುಂಡುಗಳ ತಾಯಂದಿರನ್ನು ಒಬ್ಬೊಬ್ಬರಾಗಿ ಕಾಣುವುದೆಂದು ಮೇಡಂ, ಸರೋಜಕ್ಕ, ನಾನು ಜೀಪಿನಲ್ಲಿ ಕೂತೆವು.

ಮೊದಲು ಹೋದದ್ದು ಶಹಾಪುರದ ಆಚೆ, ಕಾಲುವೆಯ ತುದಿಯ ಒಂದು ಊರಿಗೆ. ಅಲ್ಲಿಯ ಸೊಸೆ ನಿಂಗಮ್ಮ ನಮ್ಮಲ್ಲಿ ಚೊಚ್ಚಲ ಹೆಣ್ಣುಕೂಸು ಹೆತ್ತಿದ್ದಳು. ಈ ಕತೆಯ ಹೆಸರುಗಳನ್ನೆಲ್ಲ ನಾನು ಬದಲಿಸಿದ್ದೇನೆ. ಅತ್ತೆ ದೇವಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗ ಹಣಮಂತ, ಅಂದರೆ ನಿಂಗಮ್ಮನ ಗಂಡ, ಬಾಗಿಲಿಗೆ ಒರಗಿ ನಿಂತಿದ್ದ.

"ನಿಂಗಮ್ಮ ಅದಾಳೇನ್ರಿ? ಕೂಸು ಆರಾಮೈತಿ?" ಸರೋಜಕ್ಕ ಕೇಳಿದಳು.

"ತವರಮನ್ಯಾಗ ಅದಾಳ," ಎಂದಳು ದೇವಕ್ಕ.

"ಬಾಣಂತನ ಮುಗದು ಬಾಳ ದಿನ ಆತಲ್ರಿ. ಇನ್ನೂ ಕರಕೊಂಡ್ ಬಂದಿಲ್ಲೇನು?"

ದೇವಕ್ಕ ಮೊರ ಕೆಳಗಿಟ್ಟಳು. "ಯಾರ ಕೂಸಂತ ಕರಕೊಂಡ್ ಬರಬೇಕವ್ವ? ದಿನ ತುಂಬ್ಯಾವಂತ ನಿಮ್ಮ ದವಾಖಾನಿ ಚೀಟ್ಯಾಗ ಬರದೀರಿ. ಅಲ್ಲಿಂದ ಒಂಬತ್ತ ತಿಂಗಳ ಹಿಂದಕ್ಕ ಎಣಿಸಿದ್ರ ನನ್ನ ಮಗ ಪುಣೆದಾಗ ಇಟ್ಟಂಗಿ ಹೊರಾಕತ್ತಿದ್ದ. ಇನ್ನ ಬಸರಿ ಕುಬಸ ಮಾಡಿ ತವರಿಗೆ ಕಳಸೋದಿತ್ತು, ಅಷ್ಟರಾಗ ಬ್ಯಾನಿ ಬಂತು. ನಮಗ ತಿಂಗಳ ಸುಳ್ಳ ಹೇಳ್ಯಾಳ ಆಕಿ. ಖರೇ ಹೇಳಿದ್ದು ನಿಮ್ಮ ಚೀಟಿ."

ಆಗ ನನಗೆ ತಿಳಿಯಿತು, ನಾವು ಟ್ಯೂಬು ಹುಡುಕಿಕೊಂಡು ಬಂದಿದ್ದರೂ ಇಲ್ಲಿ ಕಳೆದಿರುವುದು ಬೇರೆಯೇ ಎಂದು. ಬಾಣಂತನಕ್ಕೆಂದು ಕಳಿಸಿದ ಸೊಸೆಯನ್ನು ಕರೆಯಲು ಹೋಗದಿದ್ದರೆ ಸಾಕು, ಊರಿಗೆಲ್ಲ ಅರ್ಥವಾಗುತ್ತದೆ. ಬೈಗುಳವಿಲ್ಲ, ಪಂಚಾಯಿತಿಯಿಲ್ಲ. ಹೆಣ್ಣುಮಗಳು ತವರಿನಲ್ಲಿ ಉಳಿದುಬಿಡುತ್ತಾಳೆ, ಕೂಸು ತಂದೆಯಿಲ್ಲದ್ದಾಗುತ್ತದೆ. ಹಣಮಂತ ನೆಲ ನೋಡುತ್ತ ನಿಂತಿದ್ದ. ಚೀಟಿ ಬರೆದ ಕೈ ಸರೋಜಕ್ಕನದು.

ಮೇಡಂ ಕಟ್ಟೆಯ ಮೇಲೆ ಕೂತು ನಿಧಾನಕ್ಕೆ ಕೇಳಿದರು, "ನಿಮ್ಮ ಮಗ ಪುಣೆಯಿಂದ ಯಾವಾಗ ಬಂದ್ರಮ್ಮ?"

"ಗಣಪತಿ ಹಬ್ಬದ ಮುಂದ. ಕಾಲುವಿಗೆ ನೀರು ಬಂದಾವ, ಹೊಲಕ್ಕ ಆಳಿಲ್ಲ, ಬಾ ಅಂತ ನಾನಾ ಫೋನ್ ಮಾಡಿಸಿ ಕರಸ್ಕೊಂಡೆ."

ಸರೋಜಕ್ಕ ಥಟ್ಟನೆ ತಲೆಯೆತ್ತಿದಳು. "ಆ ವರ್ಷ ನೀರು ಬಿಟ್ಟದ್ದು ನಾಗರಪಂಚಮಿಗೆ ಅಲ್ಲೇನ್ರಿ? ಗಣಪತಿ ಹಬ್ಬ ಅಂದ್ರ ಪೂರಾ ಒಂದ್ ತಿಂಗಳ ಮ್ಯಾಲ ಆತು."

ದೇವಕ್ಕನಿಗೆ ನಗು ಬಂತು. "ಅದು ನಾರಾಯಣಪುರ ಡ್ಯಾಮಿನ ಗೇಟ್ ತಗದ ದಿನ, ನಮ್ಮವ್ವ. ಗೇಟ್ ತಗದ್ರ ನಮಗೇನ್ ಬಂತು? ಮ್ಯಾಲಿನವ್ರು ತಮ್ಮ ಭತ್ತದ ಗದ್ದಿ ತುಂಬಿಸ್ಕೋಬೇಕು, ನಡುವಿನವ್ರು ಪೈಪ್ ಹಚ್ಚಿ ಎತ್ಕೋಬೇಕು, ಉಳದ್ರ ನಮಗ. ಹುಣಸಗಿ ಕಡಿಯವ್ರು ನಾಟಿ ಮುಗಿಸಿ ಕಳೆ ತಗಿಯೋ ಹೊತ್ತಿಗಿ ನಮ್ಮ ಕಾಲುವ್ಯಾಗ ನೆಲ ತೋಯತೈತಿ."

ಸರೋಜಕ್ಕ ಸಣ್ಣ ದನಿಯಲ್ಲಿ ಹೇಳಿದಳು, "ನೀರು ಬಂದ ವಾರ ಹೊರಗಾಗಿದ್ದೆ ಅಂತ ನಿಂಗಮ್ಮ ಹೇಳಿದ್ಲು ಮೇಡಂ. ನಾನು ಗ್ವಾಡಿ ಮ್ಯಾಲಿನ ಹಾಳಿ ನೋಡಿ ಪಂಚಮಿ ತಾರೀಖ ಬರದೆ."

ನಿಂಗಮ್ಮ ಹೇಳಿದ್ದು ತನ್ನೂರಿನ ನೀರು. ಗೋಡೆಯ ಮೇಲಿದ್ದದ್ದು ಅಣೆಕಟ್ಟಿನ ನೀರು. ಎರಡರ ನಡುವೆ ಹೆಚ್ಚುಕಡಿಮೆ ಒಂದು ತಿಂಗಳ ಅಂತರ. ಅಷ್ಟನ್ನೂ ನಾವು ಅವಳ ಬಸಿರಿಗೆ ಸೇರಿಸಿಬಿಟ್ಟಿದ್ದೆವು. ಅಕಾಲದಲ್ಲಿ ಹುಟ್ಟಿದ ಕೂಸು ಕಾಗದದಲ್ಲಿ ದಿನ ತುಂಬಿದ ಕೂಸಾಗಿತ್ತು. ಮೇಡಂ ಕೈಚೀಲದಿಂದ ಹಾಳೆ ತೆಗೆದು ಹೊಂದದ ತುಂಡುಗಳ ಊರುಗಳನ್ನು ಒಂದೊಂದಾಗಿ ಓದಿದರು. ದೇವಕ್ಕ ಪ್ರತಿಯೊಂದಕ್ಕೂ "ಅದೂ ಕಾಲುವಿ ಕಡೀ ಊರು, ಅದೂ ಕಡೀದ" ಎನ್ನುತ್ತ ಹೋದಳು.

"ಹುಟ್ಟಿದಾಗ ಕೂಸು ಹೇಗಿತ್ತಮ್ಮ? ಮೈಮೇಲೆ ಕೂದಲಿತ್ತಾ? ಕಿವಿ ಹೇಗಿತ್ತು?" ಮೇಡಂ ಕೇಳಿದರು.

"ಬೆನ್ನ ಮ್ಯಾಲ ಸಣ್ಣ ನವಿರಿತ್ರಿ. ಕಿವಿ ಮೆತ್ತಗ, ಮಡಚಿದ್ರ ಮಡಚಿದಂಗ ಉಳಿತಿತ್ತು. ಮಲಿ ಚೀಪಾಕೂ ತ್ರಾಣ ಇರಲಿಲ್ಲ."

"ದಿನ ತುಂಬಿದ ಕೂಸಿನ ಕಿವಿ ಮಡಚಿದರೆ ಪುಟಿದು ನಿಲ್ಲುತ್ತೆ. ಅದು ಎಳೆ ಕೂಸಮ್ಮ. ನಮ್ಮ ಚೀಟಿ ತಪ್ಪು."

ದೇವಕ್ಕ ತಿಂಗಳು ಎಣಿಸುತ್ತ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದಳು. ಅರ್ಧಕ್ಕೆ ನಿಲ್ಲಿಸಿ ಮಗನ ಕಡೆ ತಿರುಗಿದಳು. "ನಾನಾ ಕರಸಿದ್ನಲ್ಲೋ ಯಪ್ಪಾ ನಿನ್ನ. ನೀರು ಬಂದಾವ ಬಾ ಅಂತ ನಾನಾ ಕರಸಿದ್ದೆ." ಆಮೇಲೆ ನಮ್ಮನ್ನು ನೋಡಿ ಗಡುಸಾಗಿ ಹೇಳಿದಳು, "ಬರದವ್ರು ನೀವು. ನೀವಾ ಬಂದು ಆಕಿ ಮುಂದ ಹೇಳ್ರಿ. ನಾ ಯಾವ ಮಾರಿ ಹೊತ್ಕೊಂಡ್ ಹೋಗ್ಲಿ?"

ಮೇಡಂ ಒಂದು ಮಾತೂ ಎದುರಾಡದೆ ಒಪ್ಪಿದರು. ಎಷ್ಟೋ ಮೇಲಧಿಕಾರಿಗಳನ್ನು ಕಂಡಿದ್ದೇನೆ. ತಪ್ಪಾದಾಗ ಕಾಗದದಲ್ಲಿ ತಿದ್ದಿ ಮುಗಿಸುವವರೇ ಹೆಚ್ಚು. ತಪ್ಪು ತಲುಪಿದ ಮನೆಯ ತನಕ ಹೋದವರು ಇವರೊಬ್ಬರೇ. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಮರುದಿನ ಬೆಳಿಗ್ಗೆ ನಿಂಗಮ್ಮನ ತವರಿಗೆ ಹೊರಡುವ ಮೊದಲು ಅವರು ಗೋಡೆಯ ಹಾಳೆಯಲ್ಲಿ ನೀರಿನ ಸಾಲನ್ನು ಹೊಡೆದುಹಾಕಿದರು. ಅಂದಿನಿಂದ ಊರೂರಿಗೆ ಬೇರೆ ಹಾಳೆ ಬಂತು, ಆಯಾ ಊರಿನ ಹೆಂಗಸರನ್ನೇ ಕೂಡಿಸಿಕೊಂಡು ಬರೆಯುವ ರೂಢಿ ಬಂತು. ಹುಟ್ಟಿದ ಕೂಸಿನ ಕಿವಿ, ಅಂಗಾಲು, ಮೈನವಿರು ನೋಡಿ ತಿಂಗಳ ಲೆಕ್ಕ ತಾಳೆ ಹಾಕುವುದೂ ಕಡ್ಡಾಯವಾಯಿತು.

ದೇವಕ್ಕ, ಹಣಮಂತರನ್ನೂ ಜೀಪಿಗೆ ಹತ್ತಿಸಿಕೊಂಡು ಹೋಗುವ ದಾರಿಯಲ್ಲಿ ನಾನು ಕೇಳಿದೆ, "ಲ್ಯಾಬಿನ ರಿಪೋರ್ಟ್ ತೋರಿಸಿಬಿಡ್ರಿ ಮೇಡಂ. ಜೀನಾ ಹೇಳ್ಯಾವಂದ್ರ ಯಾರು ಇಲ್ಲ ಅಂತಾರ?"

"ಹಾಗೆ ಮಾಡಬಾರದು ಶರಣಪ್ಪ. ಬಹಳ ಜನರ ತುಂಡು ಒಟ್ಟಿಗಿಟ್ಟು ನೋಡಿದಾಗ ಹೇಳಬಹುದಾದ ಮಾತು ಅದು. ಒಬ್ಬಳ ಹಣೆಗೆ ಅಂಟಿಸೋಕೆ ಬರಲ್ಲ. ನಮಗೆ ಅನುಮಾನ ಹುಟ್ಟಿಸ್ತಲ್ಲ, ಅದರ ಕೆಲಸ ಅಷ್ಟೇ. ಉತ್ತರ ಇವರ ಹತ್ತಿರಾನೇ ಇತ್ತು."

ಹೊಸಬರು ಇದನ್ನು ನೆನಪಿಡಬೇಕು. ಯಂತ್ರ ಓದಿದ್ದೆಲ್ಲ ದೇವರ ವಾಕ್ಯವಲ್ಲ. ಹಾಗೆಂದು ಯಂತ್ರದ ಮಾತನ್ನು ತಳ್ಳಿಹಾಕಿದ್ದರೆ ನಾವು ಆ ಮನೆಯ ಕಟ್ಟೆ ಹತ್ತುತ್ತಲೂ ಇರಲಿಲ್ಲ.

ನಿಂಗಮ್ಮನ ತವರು ಸುರಪುರದ ಹತ್ತಿರದ ಹಳ್ಳಿ. ಜೀಪು ನಿಂತ ಸದ್ದಿಗೆ ಅಕ್ಕಪಕ್ಕದವರು ಹೊರಗೆ ಬಂದರು. ನಿಂಗಮ್ಮ ಪಡಸಾಲೆಯಲ್ಲಿ ಸೀರೆಯ ಜೋಳಿಗೆಯಲ್ಲಿ ಕೂಸು ತೂಗುತ್ತಿದ್ದಳು. ಅತ್ತೆ, ಗಂಡ ಇಳಿದದ್ದು ನೋಡಿಯೂ ಏಳಲಿಲ್ಲ. ಮೇಡಂ ಎಲ್ಲರ ಎದುರಿಗೆ ಕೈ ಮುಗಿದು, "ನಾವು ತಪ್ಪು ಬರೆದ್ವಿ ನಿಂಗಮ್ಮ. ನಿಮ್ಮ ಕೂಸು ದಿನ ತುಂಬೋ ಮೊದಲೇ ಹುಟ್ಟಿದ್ದು. ನೀವು ಹೇಳಿದ್ದು ಸರಿಯಾಗೇ ಇತ್ತು" ಎಂದರು.

ನಿಂಗಮ್ಮ ಜೋಳಿಗೆ ತೂಗುವುದನ್ನು ನಿಲ್ಲಿಸಲಿಲ್ಲ. "ನೀರು ಬಂದ ವಾರಂತ ನಾ ಹೇಳಿದ್ನಲ್ರಿ. ಯಾವೂರ ನೀರಂತ ನೀವ್ಯಾರೂ ಕೇಳಲಿಲ್ಲ."

ಸರೋಜಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ದೇವಕ್ಕ ಮೆಟ್ಟಿಲ ಕೆಳಗೇ ನಿಂತು, "ನಂದು ತಪ್ಪಾತವ್ವ. ಚೀಟಿ ನಂಬಿ ನಿನ್ನ ಬಿಟ್ಟೆ. ನಡಿ, ಮನಿಗಿ ಹೋಗೂಣು" ಎಂದಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅತ್ತಿ. ನೀವು ಲೆಕ್ಕ ಹಾಕಿದ್ರಿ, ಲೆಕ್ಕ ತಪ್ಪಿತ್ತು." ಅಷ್ಟು ಹೇಳಿ ಅವಳು ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದು ಹಣಮಂತನ ಎದುರಿಗೆ ಬಂದು ನಿಂತಳು. "ನೀವ್ಯಾಕ ಒಂದ್ ಸಲಾನೂ ಬರಲಿಲ್ಲ?"

ಅವನು ಚಪ್ಪಲಿಯ ತುದಿಯಿಂದ ಮಣ್ಣು ಕೆದರಿದ. "ನನಗ ಆ ತಿಂಗಳ ಲೆಕ್ಕ ತಿಳೀಲಿಲ್ಲ, ನಿಂಗೀ."

"ನನ್ನ ನಂಬಾಕ ಲೆಕ್ಕ ಬೇಕಾಗಿತ್ತೇನು?"

ಅವಳು ಅವನ ಎರಡೂ ಕೈ ಮುಂದಕ್ಕೆ ಎಳೆದು, ಅವುಗಳ ಮೇಲೆ ಕೂಸನ್ನು ಇಟ್ಟು, ತನ್ನ ಬಟ್ಟೆಯ ಗಂಟು ಕಟ್ಟಿಕೊಳ್ಳಲು ಒಳಗೆ ಹೋದಳು.